ಕತ್ತರಿಸದ ಅಂಗಿ

“ಮುಖ ಗೋಡೆ ಕಡೆ ಇರಲಿ. ಬೆನ್ನು ಜನರ ಕಡೆ ತಿರುಗಿಸ್ರಿ,” ಎಂದಳು ಗೋಣೆಪ್ಪನ ಹೆಂಡತಿ ಹಂಪವ್ವ.

ಹೆಣದ ಎರಡೂ ಕಂಕುಳಿಗೆ ಕೈಕೊಟ್ಟು ಹಿಡಿದಿದ್ದ ಗಂಡಸರು ಅಲ್ಲೇ ನಿಂತುಬಿಟ್ಟರು. ಸಾರಥಿ ಊರಲ್ಲಿ ಸತ್ತವರನ್ನು ಜಗಲಿಯ ಮೇಲೆ ಗೋಡೆಗೆ ಒರಗಿಸಿ, ಮುಖ ಕಾಣುವ ಹಾಗೆ ಕೂರಿಸುವುದು ರೂಢಿ. ಬಂದವರು ಮುಖ ನೋಡಿ ಅಳುತ್ತಾರೆ, ಕೊರಳಿಗೆ ಹಾರ ಹಾಕುತ್ತಾರೆ, ಮಲಗಿದಂಗೆ ಅದಾನೆ ಎನ್ನುತ್ತಾರೆ. ಹೆಣದ ಬೆನ್ನು ನೋಡಲು ಯಾರೂ ಬಸ್ಸು ಹತ್ತಿ ಬರುವುದಿಲ್ಲ.

“ತಲೆ ಕೆಟ್ಟೈತೇನು ತಂಗಿ?” ಎಂದ ಅಂಜಿನಪ್ಪ. ದಾವಣಗೆರೆಯ ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಚೀಲ ಹೊರುವ ಹಮಾಲರಿಗೆ ಅವನು ಮೇಸ್ತ್ರಿ. ಸತ್ತ ಗೋಣೆಪ್ಪನ ಜೊತೆ ಮೂವತ್ತು ವರ್ಷ ಯಾರ್ಡಿಗೆ ಹೋಗಿ ಬಂದವನು. ಈಗ ಬಲಗಾಲಿನ ಪ್ಲಾಸ್ಟರನ್ನು ಸ್ಟೂಲಿನ ಮೇಲೆ ಚಾಚಿ ಅಂಗಳದಲ್ಲಿ ಕೂತಿದ್ದ. “ಊರಾಗೆ ಯಾರೂ ಹಿಂಗೆ ಮಾಡಿಲ್ಲ.”

“ಊರಾಗೆ ಯಾರೂ ಹಿಂಗೆ ಸತ್ತೂ ಇಲ್ಲ ಅಣ್ಣ. ತಿರುಗಿಸ್ರಿ.”

ತಿರುಗಿಸಿದರು. ಗೋಣೆಪ್ಪನ ಹಣೆ ಗೋಡೆಗೆ ತಾಗಿತು. ಸೊಂಟಕ್ಕೆ ಒಂದು ಪಂಚೆ ಸುತ್ತಿ ಕಿಟಕಿಯ ಸರಳಿಗೆ ಬಿಗಿದರು. ಮೈಮೇಲೆ ಆಕಾಶನೀಲಿ ಬಣ್ಣದ ತುಂಬುತೋಳಿನ ಅಂಗಿಯಿತ್ತು. ಎಡಗೈಯ ಪ್ಲಾಸ್ಟರು ಒಳಗೇ ಉಳಿದು ಅಂಗಿಯ ಎಡತೋಳು ಖಾಲಿಯಾಗಿ ಜೋತಾಡುತ್ತಿತ್ತು. ಹೆಣಕ್ಕೆ ಇನ್ನೂ ನೀರು ಹಾಕಿರಲಿಲ್ಲ. ನೀರು ಹಾಕುವ ಮುಂಚೆಯೇ ಹೊಸ ಅಂಗಿ ತೊಡಿಸಿದ್ದು ಯಾವ ಶಾಸ್ತ್ರ ಎಂದು ಹೆಂಗಸರು ತಮ್ಮತಮ್ಮಲ್ಲೇ ಮಾತಾಡಿಕೊಂಡರು.

ಹೆಣ ಮುಟ್ಟಿದ ಇಬ್ಬರೂ ಬಾಗಿಲ ಬದಿಗೆ ಬಂದು ಕೈ ಚಾಚಿದರು. ಪಕ್ಕದ ಮನೆಯ ಮುದುಕಿ ಚೌಡವ್ವ ಬೇವಿನ ಸೊಪ್ಪು ಹಾಕಿದ ಬಿಂದಿಗೆಯಿಂದ ಚೊಂಬಿನಲ್ಲಿ ನೀರು ಮೊಗೆದು ಅವರ ಕೈಗೆ ಹುಯ್ದಳು. ಹೆಣ ಮುಟ್ಟಿದ ಕೈಯಲ್ಲಿ ಈ ಊರಿನವರು ಬೇರೆ ಏನನ್ನೂ ಮುಟ್ಟುವುದಿಲ್ಲ, ಸ್ವಂತ ಮೈಯನ್ನೂ ಮುಟ್ಟುವುದಿಲ್ಲ. ತಾವೇ ನೀರು ಹಾಕಿಕೊಳ್ಳುವ ಹಾಗೂ ಇಲ್ಲ. ಬೇರೆಯವರು ಹಾಕುವ ತನಕ ಕೈ ದೂರ ಹಿಡಿದು ನಿಂತಿರಬೇಕು.

“ನೀನೂ ಕೈ ಕೊಡು ಹಂಪಿ. ಅಂಗಿ ತೊಡಿಸ್ದಾಗಿಂದ ಹಂಗೇ ಅದೀಯ. ಒಂದು ಗುಟುಕು ಚಾ ಆದ್ರೂ ಕುಡಿ,” ಎಂದಳು ಚೌಡವ್ವ.

“ನನಗೆ ಆಮೇಲೆ.”

ಹಂಪವ್ವ ಹೊಸ್ತಿಲ ಪಕ್ಕ ಕೂತು, ಎರಡೂ ಅಂಗೈಗಳನ್ನು ಮೇಲೆ ಮಾಡಿ ಮೊಣಕಾಲಿನ ಆಚೆ ಚಾಚಿಕೊಂಡಳು. ಬೆಳಗಿನಿಂದ ಅವಳು ಅತ್ತಿರಲಿಲ್ಲ. ಅತ್ತರೆ ಸಿಟ್ಟೆಲ್ಲ ಕಣ್ಣೀರಿನ ಜೊತೆ ಹರಿದು ಹೋದೀತು ಎಂಬ ಹೆದರಿಕೆ. ಆ ಸಿಟ್ಟು ಅವಳಿಗೆ ಬೇಕಾಗಿತ್ತು.

ಅಂಜಿನಪ್ಪ ದನಿ ತಗ್ಗಿಸಿದ. “ಬೆಳಿಗ್ಗೆ ನೋಡಿದ ಹರಿಹರದ ಡಾಕ್ಟ್ರಮ್ಮ ಪೊಲೀಸರಿಗೆ ಫೋನ್ ಮಾಡ್ಯಾಳಂತೆ. ಅವರು ಬಂದ್ರೆ ಹೆಣ ಕೊಯ್ಸಾಕೆ ಒಯ್ತಾರೆ. ಅಷ್ಟರೊಳಗೆ ಮಣ್ಣು ಮಾಡಿಬಿಡಾನ. ದಾವಣಗೆರೆ ಆಸ್ಪತ್ರಿಗೂ ನಾನು ಹೇಳೀನಿ, ನಮ್ಮ ಹಮಾಲರು ಗೇಟಿಗೆ ಬಂದು ಕೂರ್ತಾರೆ ಅಂತ. ಅಲ್ಲಿ ನಮ್ಮನ್ನ ನೋಡಿದ ದಿನೇಶ್ ಡಾಕ್ಟ್ರೇ ಹಾರ ತಗಂಡು ಬರ್ತಾ ಅದಾರೆ. ಅಂಥೋರು ಮನೆ ಬಾಗ್ಲಿಗೆ ಬಂದ್ರೆ ತಪ್ಪು ಒಪ್ಪಿಕೊಂಡಂಗೇ ಅಲ್ವಾ? ಅಲ್ಲಿಗೆ ಮುಗಿಸಾನ.”

“ಬರಲಿ. ಅವರು ಬರಾ ತನಕ ಮಣ್ಣಿಲ್ಲ,” ಎಂದಳು ಹಂಪವ್ವ.

*

ಒಂಬತ್ತು ದಿನದ ಹಿಂದೆ ಅದೇ ಅಂಗಿ ತೊಟ್ಟು ಗೋಣೆಪ್ಪ ಲೋಕಿಕೆರೆಗೆ ಹೊರಟಿದ್ದ. ಯಾರ್ಡಿನ ಹಮಾಲನೊಬ್ಬನ ಮಗಳ ಮದುವೆ. ಒಂದೇ ಟೆಂಪೊದಲ್ಲಿ ಹನ್ನೊಂದು ಜನ. ವರ್ಷವೆಲ್ಲ ಮೆಕ್ಕೆಜೋಳದ ಧೂಳಿನಲ್ಲಿ ಮೀಯುವವರು ಅವತ್ತು ಇಸ್ತ್ರಿ ಬಟ್ಟೆಯಲ್ಲಿ ಒಬ್ಬರನ್ನೊಬ್ಬರು ಗುರುತು ಹಿಡಿಯದವರಂತೆ ತಮಾಷೆ ಮಾಡುತ್ತ ಕೂತಿದ್ದರು.

ಆ ಅಂಗಿ ಅಳಿಯ ಹರೀಶ ಕೊಡಿಸಿದ್ದು. ಹರೀಶ ಗೋಣೆಪ್ಪನ ತಂಗಿ ಲಕ್ಷ್ಮೀದೇವಿಯ ಮಗ. ಅವನಿಗೆ ನಾಲ್ಕು ವರ್ಷವಾಗಿದ್ದಾಗ ತಂದೆ ತೀರಿಕೊಂಡ. ಮಕ್ಕಳಿಲ್ಲದ ಗೋಣೆಪ್ಪ ತಂಗಿಯನ್ನೂ ಅಳಿಯನನ್ನೂ ಕರೆತಂದು ಪಕ್ಕದ ಬೀದಿಯಲ್ಲಿ ಇರಿಸಿದ. ರಜೆಯ ದಿನ ಯಾರ್ಡಿಗೆ ಕರೆದೊಯ್ದು, ಚೀಲ ಇಳಿಸಿದ ಬೆನ್ನಿನ ಮೇಲೆ ಅಳಿಯನನ್ನು ಕೂರಿಸಿಕೊಂಡು, “ಇದು ಎಷ್ಟು ಕೇಜಿ ಹೇಳ್ರೋ” ಎಂದು ಹಮಾಲರನ್ನೆಲ್ಲ ಕೇಳುತ್ತಿದ್ದ. ಹುಡುಗ ಅದೇ ಬೆನ್ನಿನ ದುಡಿಮೆಯಲ್ಲಿ ನರ್ಸಿಂಗ್ ಓದಿದ, ದಾವಣಗೆರೆಯ ದೊಡ್ಡ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೆಲಸ ಹಿಡಿದ, ಮೊದಲ ಸಂಬಳದಲ್ಲಿ ಮಾವನಿಗೆ ಅಂಗಿ ತಂದ. ಗೋಣೆಪ್ಪ ಅದನ್ನು ಒಂದೂವರೆ ವರ್ಷ ಟ್ರಂಕಿನಲ್ಲಿಟ್ಟಿದ್ದ. ಆ ಅಂಗಿಗೆ ತಕ್ಕ ದಿನ ಬರಬೇಕಲ್ಲ ಎನ್ನುತ್ತಿದ್ದ.

ಬೈಪಾಸಿನ ಹತ್ತಿರ ಟೆಂಪೊ ಉರುಳಿತು. ಹನ್ನೊಂದು ಜನರೂ ಹರೀಶ ಕೆಲಸ ಮಾಡುವ ಆಸ್ಪತ್ರೆಗೇ ಬಂದು ಬಿದ್ದರು. ತುರ್ತು ವಿಭಾಗದಲ್ಲಿ ಇದ್ದದ್ದು ದಿನೇಶ್ ಡಾಕ್ಟರು ಒಬ್ಬರೇ. ಇಬ್ಬರಿಗೆ ಉಸಿರು ಹೋಗಿ ಬರುತ್ತಿತ್ತು, ಅವರು ಅಲ್ಲಿಂದ ಕದಲುವ ಹಾಗಿರಲಿಲ್ಲ. “ಉಳಿದವರನ್ನ ನೀನು ನೋಡಿ ಫಾರಂ ತುಂಬು, ನಾನು ಬಂದು ನೋಡ್ತೀನಿ” ಎಂದರು ಹರೀಶನಿಗೆ.

ಅಪಘಾತದಲ್ಲಿ ಬಂದವರ ಬಟ್ಟೆ ಕತ್ತರಿಸಿ ತೆಗೆಯಬೇಕು, ಮಗ್ಗುಲಾಗಿಸಿ ಬೆನ್ನೂ ನೋಡಬೇಕು. ಹರೀಶನಿಗೆ ಇದು ಬಾಯಿಪಾಠ. ಆರು ಜನರ ಇಸ್ತ್ರಿ ಅಂಗಿಗಳನ್ನು ಅವನು ಕರಕರ ಕತ್ತರಿಸಿ ಎಸೆದಿದ್ದ. ಏಳನೆಯವನು ಮಾವ.

“ಮಾವ, ಅಂಗಿ ಕತ್ತರಿಸ್ಬೇಕು.”

“ಲೇ, ನೀನೇ ಕೊಡ್ಸಿದ್ದು, ನೀನೇ ಕತ್ತರಿಸ್ತೀಯೇನೋ?” ಗೋಣೆಪ್ಪ ಹಣೆಯ ರಕ್ತ ಒರೆಸಿಕೊಳ್ಳುತ್ತ ನಕ್ಕ. “ಇವತ್ತೇ ಮೊದ್ಲು ಹಾಕೀನಿ. ಕೈ ಮುರಿದೈತೆ ಅಷ್ಟೇ. ಹೋಗು, ಅಂಜಿನಪ್ಪನ ಕಾಲು ನೋಡು, ಪಾಪ ಒದರ್ತಾ ಅದಾನೆ.”

ಮಾವ ನಗುತ್ತಿದ್ದಾನಲ್ಲ ಎಂಬ ಸಮಾಧಾನಕ್ಕೆ ಹರೀಶನ ಕಣ್ಣು ತುಂಬಿತು. ಕತ್ತರಿ ಟ್ರೇಯಲ್ಲಿಟ್ಟ. ತೋಳು ಮೇಲಕ್ಕೆ ಮಡಚಿ, ಮುರಿದ ಕೈಗೆ ಆಸರೆ ಕಟ್ಟಿದ. ಫಾರಮ್ಮಿನಲ್ಲಿ ತಲೆ, ಕುತ್ತಿಗೆ, ಎದೆ, ಹೊಟ್ಟೆ, ಬೆನ್ನು ಎಂದು ಸಾಲಾಗಿ ಕೇಳಿತ್ತು. ಬೆನ್ನಿನ ಮುಂದೆ ‘ನೋಡಿದೆ, ತೊಂದರೆ ಇಲ್ಲ’ ಎಂದು ಬರೆದ, ಮನೆಗೆ ಕೊಡುವ ಕಾರ್ಡಿಗೂ ಅದನ್ನೇ ಇಳಿಸಿದ. ಸಂಜೆ ದಿನೇಶ್ ಡಾಕ್ಟರು ಹನ್ನೊಂದು ಫಾರಮ್ಮುಗಳಿಗೆ ನಿಂತಲ್ಲೇ ಸಹಿ ಹಾಕಿದರು. ಅಷ್ಟು ಹೊತ್ತಿಗೆ ಸಾಯುವ ಹಾಗಿದ್ದ ಆ ಇಬ್ಬರು ಬದುಕಿದ್ದರು, ಎಲ್ಲರೂ ಡಾಕ್ಟರ ಬೆನ್ನು ತಟ್ಟುತ್ತಿದ್ದರು.

ಮನೆಗೆ ಬಂದ ಗೋಣೆಪ್ಪ ನೋಡಲು ಬಂದವರಿಗೆಲ್ಲ ಒಂದೇ ಕತೆ ಹೇಳಿದ. “ಎಲ್ಲರ ಅಂಗಿ ಹೋದ್ವು. ನಮ್ಮ ಹರೀಶ ನಂದೊಂದು ಉಳಿಸಿದ.” ಕೇಳಿ ಕೇಳಿ ಹಂಪವ್ವಳೂ ನಕ್ಕಿದ್ದಳು. ಈಗ ಆ ನಗು ನೆನೆದರೆ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತಿತ್ತು.

*

ಲಕ್ಷ್ಮೀದೇವಿ ಎದೆ ಬಡಿದುಕೊಳ್ಳುತ್ತ ಬಂದಳು. ಹಿಂದೆ ಹರೀಶ. ರಾತ್ರಿ ಪಾಳಿ ಮುಗಿಸಿ ಬಸ್ಸಿಳಿದವನು ಆಸ್ಪತ್ರೆಯ ಸಮವಸ್ತ್ರದಲ್ಲೇ ಇದ್ದ. ಜಗಲಿಯ ಮೇಲೆ ನೀಲಿ ಬೆನ್ನು ಕಂಡದ್ದೇ ಅವನ ಕಾಲು ನಿಂತವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಅಂತಾರಲ್ಲ, ಇಲ್ಲಿ ಯಾರೂ ಕಳ್ಳ ಎನ್ನುವ ಮೊದಲೇ ಅವನ ಮುಖ ಇಳಿದುಹೋಯಿತು.

“ಅಣ್ಣನ ಮುಖ ಯಾಕ ಹಂಗೆ ಮಾಡೀಯ ಅತ್ತಿಗಿ? ನಾನು ಮುಖ ನೋಡ್ಬೇಕು,” ಎಂದು ಲಕ್ಷ್ಮೀದೇವಿ ಅತ್ತಳು.

“ನಿನ್ನ ಮಗ ಬೆನ್ನು ನೋಡ್ಲಿ, ಆಮೇಲೆ ನೀನು ಮುಖ ನೋಡೀಯಂತೆ.”

“ಅತ್ತಿ...” ಎಂದ ಹರೀಶ.

“ನೋಡಿದ್ಯಾ ಅವತ್ತು?”

ಹರೀಶ ನೆಲ ನೋಡಿದ.

“ಕೇಳ್ತಿರೋದು ನಿನ್ನೇ. ಬೆನ್ನು ನೋಡಿದ್ಯಾ?”

“ಇಲ್ಲ ಅತ್ತಿ.”

“ನೋಡೀನಿ ಅಂತ ಬರ್ದಿ?”

“ಬರ್ದೆ.”

ಲಕ್ಷ್ಮೀದೇವಿ ಮಗನ ಬಾಯಿ ಮುಚ್ಚಲು ಹೋದಳು. “ಸುಮ್ಕಿರೋ. ಅತ್ತಿಗಿ, ನಿನ್ನ ಕಾಲಿಗೆ ಬೀಳ್ತೀನಿ. ಇವನ ಕೆಲಸ ಹೋಗ್ತೈತೆ, ಜೈಲಿಗೆ ಹಾಕ್ತಾರೆ. ಅಣ್ಣ ಸಾಕಿದ ಹುಡುಗ ಇವನು. ಅಣ್ಣ ಇದ್ದಿದ್ರೆ ಹಿಂಗೆ ಮಾಡ್ತಿದ್ನಾ?”

“ಮಾಡ್ತಿರ್ಲಿಲ್ಲ. ನಿಮ್ಮಣ್ಣ ಒಳ್ಳೇವನು. ಅದಕ್ಕೇ ಅಲ್ಲಿ ಕೂತಾನೆ.” ಹಂಪವ್ವಳ ದನಿ ಏರಲಿಲ್ಲ. “ನಾನು ಅಷ್ಟು ಒಳ್ಳೇವಳಲ್ಲ ಲಕ್ಷ್ಮಿ.”

ಹರೀಶ ಗೋಡೆ ಹಿಡಿದು ಕುಕ್ಕರಗಾಲಿನಲ್ಲಿ ಕೂತ. “ನಾನೇನು ಮಾಡ್ಬೇಕು ಹೇಳು ಅತ್ತಿ.”

“ನಿಮ್ಮ ಡಾಕ್ಟ್ರು ಬರ್ತಾರಂತೆ. ಅವರ ಎದುರಿಗೆ, ಪೊಲೀಸರ ಎದುರಿಗೆ, ಈ ಊರಿನ ಎದುರಿಗೆ ಇದೇ ಮಾತು ಆಡ್ಬೇಕು. ಆಡಿದ್ರೆ ಮಾವನಿಗೆ ಮೊದಲ ಹಿಡಿ ಮಣ್ಣು ನೀನು ಹಾಕು. ಆಡದಿದ್ರೆ ಈಗ್ಲೇ ಎದ್ದು ಹೋಗು. ಆ ಮಣ್ಣು ನಾನೇ ಹಾಕ್ತೀನಿ, ನಿನ್ನ ನೆರಳೂ ಗುಂಡಿ ಮೇಲೆ ಬೀಳಬಾರ್ದು.”

ಹೆಂಗಸು ಮೊದಲ ಮಣ್ಣು ಹಾಕುವುದನ್ನು ಆ ಊರು ಕಂಡಿರಲಿಲ್ಲ. ಹರೀಶ ಎದ್ದು ಹೋಗಲೂ ಇಲ್ಲ, ಹೂಂ ಅನ್ನಲೂ ಇಲ್ಲ.

*

ಆರನೆಯ ದಿನ ಪ್ಲಾಸ್ಟರ್ ತೋರಿಸಲು ಹಂಪವ್ವ ಗಂಡನನ್ನು ಅದೇ ಆಸ್ಪತ್ರೆಗೆ ಕರೆದೊಯ್ದಿದ್ದಳು. ಹೊರಗೆ ಉದ್ದನೆಯ ಸಾಲು. ಎರಡು ಗಂಟೆ ಕೂತ ಮೇಲೆ ಒಳಗೆ ಕರೆದರು.

“ಸಾಹೇಬ್ರೇ, ಇವರಿಗೆ ಎಡಹೆಗಲು ಬಾಳ ನೋಯ್ತೈತೆ. ಬೆನ್ನಾಗೆ ಪಕ್ಕೆ ಹತ್ರ ಕಪ್ಪಗೈತೆ. ಉಸಿರು ಎಳೆದ್ರೆ ಚುಚ್ತೈತಂತೆ,” ಎಂದಳು.

ದಿನೇಶ್ ಡಾಕ್ಟರು ಪ್ಲಾಸ್ಟರಿನ ಬೆರಳುಗಳನ್ನು ಅಲ್ಲಾಡಿಸಿ ನೋಡಿದರು. “ಏನು ಕೆಲಸ ಮಾಡ್ತೀರಿ?”

“ಹಮಾಲಿ ಸರ್.”

“ಮತ್ತೆ? ಮೂವತ್ತು ವರ್ಷ ಚೀಲ ಹೊತ್ತ ಬೆನ್ನು ನೋಯದೆ ಇರುತ್ತಾ?” ಡಾಕ್ಟರು ಒಳ್ಳೆಯ ಮಾತಿನಲ್ಲೇ ಹೇಳಿ ಕಾರ್ಡು ತಿರುವಿದರು. “ಬೆನ್ನು ನೋಡಿ ಆಗಿದೆಯಲ್ಲ, ಇಲ್ಲಿ ಬರೆದಿದೆ. ಏನೂ ಇಲ್ಲ. ಕೈ ನೇತುಹಾಕಿದ್ದಕ್ಕೆ ಹೆಗಲು ನೋವು.”

ಅಂಗಿ ಎತ್ತಿ ತೋರಿಸಲು ಹಂಪವ್ವ ಕೈ ಹಾಕಿದಳು. ಅಷ್ಟರಲ್ಲಿ ಮುಂದಿನವರ ಹೆಸರು ಕೂಗಿದರು. ಗೋಣೆಪ್ಪನೇ ಅವಳ ಕೈ ಸರಿಸಿ, “ದೊಡ್ಡೋರು ನೋಡೀವಿ ಅಂದಮ್ಯಾಲೆ ಮುಗೀತು, ನಡಿ” ಎಂದ. ಅವನು ಜೀವನಪೂರ್ತಿ ಸಾಲಿನಲ್ಲಿ ನಿಂತವನು, ಹಿಂದಿನವರಿಗೆ ತಡವಾಗುತ್ತದೆ ಎಂಬುದೇ ಅವನ ಚಿಂತೆ.

ಬರೆದದ್ದರ ಮೇಲೆ ನಂಬಿಕೆಯಿಟ್ಟು ಹಂಪವ್ವ ಮೂರು ದಿನ ಹರಳೆಣ್ಣೆ ತಿಕ್ಕಿದಳು. ಉಪ್ಪಿನ ಗಂಟು ಬಿಸಿ ಮಾಡಿ ಪಕ್ಕೆಗೆ ಕಾವು ಕೊಟ್ಟಳು. ಚೀಲದ ನೋವಿಗೆ ಮೂವತ್ತು ವರ್ಷ ಅವಳು ಮಾಡುತ್ತಿದ್ದ ಉಪಚಾರ ಅದೇ. ಗೋಣೆಪ್ಪ ಹಲ್ಲು ಕಚ್ಚಿ, “ಹಿತ ಆಗ್ತೈತೆ” ಎನ್ನುತ್ತಿದ್ದ.

ಇವತ್ತು ಕೋಳಿ ಕೂಗುವ ಹೊತ್ತಿಗೆ ಅವನ ಮೈ ತಣ್ಣಗೆ ಬೆವೆತಿತ್ತು, ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಆಟೊದಲ್ಲಿ ಹರಿಹರಕ್ಕೆ ಹೋದರು. ಸಣ್ಣ ಕ್ಲಿನಿಕ್ಕಿನ ಡಾಕ್ಟರು ಶಹರ್ಬಾನು ಮಾಡಿದ ಮೊದಲ ಕೆಲಸವೆಂದರೆ ಬನಿಯನ್ನು ಕತ್ತರಿಸಿ, ಅವನನ್ನು ಮಗ್ಗುಲಾಗಿಸಿದ್ದು.

“ಅಯ್ಯೋ, ಪಕ್ಕೆ ಮೂರು ಕಡೆ ಮುರಿದೈತಲ್ಲಮ್ಮ. ಪಕ್ಕೆ ಕೆಳಗಿನ ಗುಲ್ಮ ಒಡೆದಂಗೈತೆ, ಹೊಟ್ಟೆ ತುಂಬಾ ರಕ್ತ. ಎಷ್ಟು ದಿನ ಆಯ್ತು? ಯಾರೂ ನೋಡ್ಲಿಲ್ವಾ?”

ಹಂಪವ್ವ ಕಾರ್ಡು ಕೊಟ್ಟಳು. ಡಾಕ್ಟರು ಎರಡು ಸಲ ಓದಿದರು. ಆಮೇಲೆ ಕಪ್ಪು ಕಲೆಯ ಸುತ್ತ ಹೊಳೆಯುತ್ತಿದ್ದ ಎಣ್ಣೆ ನೋಡಿ, “ಇಲ್ಲಿ ತಿಕ್ಕಿದ್ರಾ?” ಎಂದರು.

“ಮೂರು ದಿನ.”

ಶಹರ್ಬಾನು ಏನೂ ಅನ್ನಲಿಲ್ಲ. ದಾವಣಗೆರೆಗೆ ಆಂಬುಲೆನ್ಸ್ ಕರೆದರು, ಅದು ಬರುವುದರೊಳಗೆ ಗೋಣೆಪ್ಪ ಹೋದ. ಅಪಘಾತದ ಸಾವು, ಪೊಲೀಸರಿಗೆ ತಿಳಿಸಲೇಬೇಕು, ಹೆಣ ಒಯ್ಯಬೇಡಿ ಎಂದು ಅವರು ಹೇಳುತ್ತಿದ್ದಂತೆಯೇ ಹಿಂದಿನಿಂದ ಬಂದ ಊರವರು ಅದೇ ಆಟೊದಲ್ಲಿ ಹಾಕಿಕೊಂಡು ಬಂದುಬಿಟ್ಟರು. ದಾರಿಯುದ್ದಕ್ಕೂ ಹಂಪವ್ವಳ ಕಿವಿಯಲ್ಲಿ ಉಳಿದದ್ದು ಡಾಕ್ಟರಮ್ಮ ಆಡದ ಮಾತು.

*

ಹನ್ನೊಂದೂವರೆಗೆ ಬಿಳಿ ಕಾರು ಬಂತು. ದಿನೇಶ್ ಡಾಕ್ಟರು ಎರಡು ಕೈಯಲ್ಲಿ ಹಿಡಿಯುವಷ್ಟು ದೊಡ್ಡ ಗುಲಾಬಿ ಹಾರ ಹಿಡಿದು ಇಳಿದರು. ಜನ ದಾರಿ ಬಿಟ್ಟರು. ಜಗಲಿ ಹತ್ತಿ ಎರಡು ಹೆಜ್ಜೆ ಇಟ್ಟವರು ನಿಂತರು. ಹಾರ ಹಾಕಲು ಮುಖ ಇರಲಿಲ್ಲ.

“ಕೂಡ್ರಿ ಸರ್,” ಎಂದು ಅಂಜಿನಪ್ಪ ಕುರ್ಚಿ ತೋರಿಸಿದ.

ಡಾಕ್ಟರು ಕೂರಲಿಲ್ಲ. “ಅಮ್ಮ, ತುಂಬಾ ಬೇಸರ ಆಯ್ತು. ಅವತ್ತು ಹನ್ನೊಂದು ಜನ, ನಾನೊಬ್ಬನೇ. ನನ್ನ ಕೈಲಾದಷ್ಟು ಮಾಡಿದೆ.” ಆ ಮಾತು ಸುಳ್ಳಾಗಿರಲಿಲ್ಲ. ಅವರು ಇನ್ನೊಂದು ಮಾತು ಸೇರಿಸಿದರು. “ಆಸ್ಪತ್ರೆಯ ಕಾರ್ಡು ಇದ್ದರೆ ಒಮ್ಮೆ ಕೊಡಿ. ನೋಡಿ ಕೊಡ್ತೀನಿ.”

ಹಂಪವ್ವ ಕತ್ತೆತ್ತಿದಳು. ಹಾರ ಬರೀ ನೆವ, ಕಾರ್ಡು ಒಯ್ಯಲೆಂದೇ ಅವರು ಬಂದದ್ದು ಎಂದು ಅವಳಿಗೆ ತಿಳಿಯಿತು. ಬೆಳಗಿನಿಂದ ಎಲ್ಲೋ ಒಂದು ಮೂಲೆಯಲ್ಲಿ ಉಳಿದಿದ್ದ ಹಿಂಜರಿಕೆಯೂ ಹೋಯಿತು.

“ಅವತ್ತು ಪುರುಸೊತ್ತು ಇರ್ಲಿಲ್ಲ, ಒಪ್ಪಿದೆ ಸಾಹೇಬ್ರೇ. ಆರನೇ ದಿನ ಕುರ್ಚಿ ಮ್ಯಾಲೆ ಕೂತಿದ್ರಿ, ನಾನು ಬಾಯಿಬಿಟ್ಟು ಹೇಳ್ದೆ. ಅವತ್ತೇನಾಗಿತ್ತು?”

ಡಾಕ್ಟರು ಕಾರ್ಡಿಗಾಗಿ ಜಗಲಿಯ ಸುತ್ತ ಕಣ್ಣಾಡಿಸಿದರು.

“ಕಾರ್ಡು ಕಿಟಕಿ ಗೂಡಿನಾಗೈತೆ. ಕೊಡಾನ. ಮೊದ್ಲು ನೋಡ್ರಿ. ಚೌಡವ್ವ, ಕತ್ತರಿ ಕೊಡು ಹರೀಶಗೆ.”

ಚೌಡವ್ವ ತಂದುಕೊಟ್ಟ ಕತ್ತರಿಯನ್ನು ಹರೀಶ ತೆರೆಯಲಿಲ್ಲ. “ಅತ್ತಿ, ಬ್ಯಾಡ. ಮಾವಗೆ ಇಷ್ಟದ ಅಂಗಿ.”

“ಅವತ್ತೂ ಇದಕ್ಕೇ ಕತ್ತರಿ ಕೆಳಗಿಟ್ಟಿ. ಅಂಗಿ ಉಳೀತು. ಕತ್ತರಿಸು.”

ಹರೀಶ ಜಗಲಿ ಹತ್ತಿದ. ಕಾಲರಿಗೆ ಕತ್ತರಿ ಹಾಕಿದ. ಕಲಿತ ಕೈ, ಒಮ್ಮೆ ಹಾಕಿದ ಮೇಲೆ ತಡೆಯಲಿಲ್ಲ. ನೀಲಿ ಬಟ್ಟೆ ಸೊಂಟದ ತನಕ ಎರಡು ಪಾಲಾಗಿ ತೆರೆದುಕೊಂಡಿತು. ಚೀಲ ಹೊತ್ತು ಜಡ್ಡುಗಟ್ಟಿದ ಹೆಗಲು, ಬೆನ್ನುಮೂಳೆಯ ಗಂಟುಗಳು. ಎಡಗಡೆ ಕೆಳಪಕ್ಕೆಯ ಮೇಲೆ ಗೇಣಗಲದ ಕಪ್ಪು ಕಲೆ, ಅದರ ಸುತ್ತ ಹಸಿರು, ಹಳದಿ. ಅಂಜಿನಪ್ಪ ಪ್ಲಾಸ್ಟರಿನ ಕಾಲು ಕೆಳಗಿಳಿಸಿ, ಕುರ್ಚಿ ಹಿಡಿದು ಎದ್ದು ನಿಂತ.

“ಇದು ಚೀಲದ ಕಲೆಯಲ್ಲ,” ಎಂದ ಅವನು. “ಮೂವತ್ತು ವರ್ಷ ಈ ಬೆನ್ನಿಗೆ ಚೀಲ ಎತ್ತಿಕೊಟ್ಟೋನು ನಾನು.” ಇನ್ನು ಮಣ್ಣಿನ ಮಾತು ಅವನು ಎತ್ತಲಿಲ್ಲ.

“ಮುಟ್ಟಿ ನೋಡ್ರಿ ಡಾಕ್ಟ್ರೇ,” ಎಂದಳು ಹಂಪವ್ವ. “ನಿಮ್ಮ ಕೈ ಒಂದು ಸಲ ಆದ್ರೂ ಅಲ್ಲಿಗೆ ಹೋಗ್ಲಿ.”

ಅಷ್ಟು ಜನರ ಕಣ್ಣು ತಮ್ಮ ಮೇಲಿರುವುದು ಡಾಕ್ಟರಿಗೆ ಗೊತ್ತಿತ್ತು. ಹಾರವನ್ನು ಕುರ್ಚಿಯ ಮೇಲಿಟ್ಟರು. ಎರಡೂ ಕೈಯ ಬೆರಳುಗಳು ತಾವಾಗಿಯೇ ಕಲೆಯ ಮೇಲೆ ಹೋಗಿ ಕೂತವು. ಒತ್ತಿದರು. ಒಳಗೆ ಮುರಿದ ಎಲುಬು ಕಿರ್ ಎಂದದ್ದು ಪಕ್ಕದಲ್ಲಿದ್ದ ಹರೀಶನಿಗೂ ಕೇಳಿಸಿತು. ಡಾಕ್ಟರ ಮುಖದಲ್ಲಿ ಬಣ್ಣ ಉಳಿಯಲಿಲ್ಲ.

“ನಾನು ನೋಡ್ದೇ ಬರ್ದೆ ಸರ್,” ಎಂದ ಹರೀಶ. ಮೊದಲು ಮೆಲ್ಲಗೆ ಅಂದ, ಆಮೇಲೆ ಅಂಗಳದ ಕಡೆ ತಿರುಗಿ ಎಲ್ಲರಿಗೂ ಕೇಳುವ ಹಾಗೆ ಅಂದ. “ಬೆನ್ನು ನಾನು ನೋಡ್ಲಿಲ್ಲ. ನೋಡೀನಿ ಅಂತ ಬರ್ದೆ. ಸರ್ ನೋಡ್ದೇ ಸಹಿ ಹಾಕಿದ್ರು. ಪೊಲೀಸರಿಗೂ ಇದನ್ನೇ ಹೇಳ್ತೀನಿ.”

“ಅಲ್ಲಿ ಎಣ್ಣೆ ತಿಕ್ಕಿದ್ದೀರಿ,” ಎಂದರು ಡಾಕ್ಟರು. “ತಿಕ್ಕಬಾರದಿತ್ತು.”

“ತಿಕ್ಕೀನಿ. ಅದನ್ನೂ ಹೇಳ್ತೀನಿ,” ಎಂದಳು ಹಂಪವ್ವ. “ನನ್ನ ಚೀಲ ನಾನು ಹೊರ್ತೀನಿ ಸಾಹೇಬ್ರೇ. ನಿಮ್ಮದು ನೀವು ಹೊರ್ರಿ.”

ಊರ ಬಾಗಿಲ ಕಡೆಯಿಂದ ಪೊಲೀಸ್ ಜೀಪಿನ ಸದ್ದು ಬಂತು. ಡಾಕ್ಟರು ಜಗಲಿ ಇಳಿದರು. ಅವರೂ ಈ ಸೀಮೆಯವರೇ, ರೂಢಿ ಗೊತ್ತಿತ್ತು. ಬಾಗಿಲ ಬದಿಗೆ ಬಂದು ಬಿಂದಿಗೆಯ ಮುಂದೆ ಎರಡೂ ಕೈ ಚಾಚಿದರು. ಅವರ ಪಕ್ಕದಲ್ಲಿ ಹರೀಶನೂ ಕೈ ಚಾಚಿ ನಿಂತ.

“ಸ್ವಲ್ಪ ನೀರು ಹಾಕಿ ಅಜ್ಜಿ.”

ಚೌಡವ್ವ ಚೊಂಬಿನಲ್ಲಿ ನೀರು ಮೊಗೆದಳು. ಹೊಸ್ತಿಲ ಬಳಿ ಬೆಳಗಿನಿಂದ ಚಾಚಿಕೊಂಡೇ ಇದ್ದ ಹಂಪವ್ವಳ ಅಂಗೈಗಳನ್ನು ನೋಡಿದಳು, ಅವಳ ಮುಖ ನೋಡಿದಳು. ಮೊಗೆದ ನೀರನ್ನು ಬಿಂದಿಗೆಗೇ ಸುರಿದು, ಅದರ ಬಾಯಿಯ ಮೇಲೆ ಚೊಂಬು ಬೋರಲು ಹಾಕಿದಳು.

ಡಾಕ್ಟರ ಅಂಗಿಯ ಕಿಸೆಯಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಒಮ್ಮೆ ನಿಂತು ಮತ್ತೆ ಹೊಡೆದುಕೊಂಡಿತು. ಅವರು ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದು, ಬಿಸಿಲಲ್ಲಿ ಹಾಗೆಯೇ ನಿಂತಿದ್ದರು.